ಟ್ರ್ಯಾಂಪ್ಸ್ ತಂಡ: ‘ಡಿಸ್ಕೊ ಇನ್‌ಫರ್ನೊ’ ಆದಮೇಲೆ ಏನು ಕೇಳಬೇಕು, ಯಾವ ರೆಕಾರ್ಡು ಕೊಳ್ಳಬೇಕು?

ಎರಡನೇ_ಬದಿ

ಅಮೆರಿಕದ ಫಿಲಡೆಲ್ಫಿಯಾದ 1970ರ ದಶಕದ ಡಿಸ್ಕೊ ತಂಡ ಟ್ರ್ಯಾಂಪ್ಸ್ ಬಗ್ಗೆ ಇಲ್ಲಿ ಬಲ್ಲವರಿದ್ದೀರಿ, ಅದಕ್ಕೇ ಕೇಳ್ತಿದ್ದೇನೆ. ಮೂರು ಪ್ರಶ್ನೆ. ‘ಡಿಸ್ಕೊ ಇನ್‌ಫರ್ನೊ’ ಒಂದನ್ನೇ ಕೇಳಿದವರು ಮುಂದೆ ಯಾವ ಹಾಡಿಗೆ ಹೋಗಬೇಕು, ಯಾವ ಕ್ರಮದಲ್ಲಿ? ಇವರು ನಿಜವಾಗಿ ಒಟ್ಟಿಗೆ ಹಾಡುತ್ತಿದ್ದ ತಂಡವೋ, ಸ್ಟುಡಿಯೊ ವಾದಕರು ಇಟ್ಟುಕೊಂಡ ಬರೀ ಹೆಸರೋ? ಮೂರನೆಯದು, ‘ಸ್ಯಾಟರ್ಡೇ ನೈಟ್ ಫೀವರ್’ ಸಿನಿಮಾ ಹಾಡುಗಳ ಡಬಲ್ ಎಲ್‌ಪಿಯಲ್ಲಿ ಈ ಹಾಡು ಅರ್ಧ ದಾಟಿತು ಅಂದರೆ ಸಿಂಬಲ್ (ಡ್ರಮ್ ಜೊತೆಯ ಲೋಹದ ತಟ್ಟೆ) ಸದ್ದು ಒಡೆದು ಬರೀ ‘ಸ್ಸ್’ ಆಗುತ್ತೆ. ದೋಷ ರೆಕಾರ್ಡಿನದೋ, ಸೂಜಿಯದೋ?

ಲಯವಂತ

ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಉಳಿದೆರಡಕ್ಕೂ ಅದೇ ಬೇರು.

ಟ್ರ್ಯಾಂಪ್ಸ್ ನಿಜವಾದ ತಂಡ. ಆದರೆ ತಂಡದ ಡ್ರಮ್ಮರೇ ಆ ಊರಿನ ಸ್ಟುಡಿಯೊ ವಾದಕರ ಪೈಕಿ ಮುಖ್ಯನಾಗಿದ್ದ. ಗೊಂದಲ ಹುಟ್ಟೋದು ಅಲ್ಲಿಂದ. ಇದರ ಮೂಲ 1960ರ ದಶಕದ ‘ವಾಲ್ಕೇನೋಸ್’. ಆರ್ಕ್ಟಿಕ್ ಕಂಪನಿಗೆ ಅವರು 1965ರಲ್ಲಿ ಹಾಡಿದ ‘ಸ್ಟಾರ್ಮ್ ವಾರ್ನಿಂಗ್’ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಹಾಡುಗಳ ಜನಪ್ರಿಯತೆಯ ಪಟ್ಟಿ ಹತ್ತಿತ್ತು. ಆಮೇಲೆ ‘ಮೂಡ್ಸ್’ ಅಂತ ಹೆಸರು ಬದಲಾಯಿತು, ಜನ ಬದಲಾದರು. 1970ರ ದಶಕದ ಆರಂಭಕ್ಕೆ ಟ್ರ್ಯಾಂಪ್ಸ್ ರೂಪ ಬಂತು: ಮುಖ್ಯ ಗಾಯಕ ಜಿಮ್ಮಿ ಎಲ್ಲಿಸ್, ಡ್ರಮ್ಸ್ ಮತ್ತು ಮಂದ್ರ ಸ್ವರಕ್ಕೆ ಅರ್ಲ್ ಯಂಗ್, ಜೊತೆಗೆ ಸ್ಟ್ಯಾನ್ಲಿ ವೇಡ್, ಹೆರಾಲ್ಡ್ ‘ಡಾಕ್’ ವೇಡ್ ಸಹೋದರರು. ಮುಂದೆ ರಾಬರ್ಟ್ ಅಪ್‌ಚರ್ಚ್ ಸೇರಿಕೊಂಡರು.

ಅರ್ಲ್ ಯಂಗ್, ಬೇಸ್ ಗಿಟಾರಿನ ರಾನಿ ಬೇಕರ್, ಗಿಟಾರಿನ ನಾರ್ಮನ್ ಹ್ಯಾರಿಸ್ – ಈ ಮೂವರು ‘ಬೇಕರ್-ಹ್ಯಾರಿಸ್-ಯಂಗ್’ ಹೆಸರಲ್ಲಿ ನಿರ್ಮಾಪಕರು. ಗ್ಯಾಂಬಲ್ ಮತ್ತು ಹಫ್ ಅವರ ರೆಕಾರ್ಡು ಕಂಪನಿ ಫಿಲಡೆಲ್ಫಿಯಾ ಇಂಟರ್‌ನ್ಯಾಷನಲ್‌ಗೆ ನುಡಿಸುತ್ತಿದ್ದ ಎಂಎಫ್‌ಎಸ್‌ಬಿ ವಾದ್ಯವೃಂದದ ಬೆನ್ನೆಲುಬೂ ಇವರೇ. ಹಾಗಾಗಿ ಹಗಲು ಬೇರೆಯವರ ಹಾಡಿಗೆ ಬಾರಿಸಿದ ಕೈಯೇ ಟ್ರ್ಯಾಂಪ್ಸ್ ಹಾಡಿಗೂ ಬಾರಿಸಿದೆ.

ಈಗ ಆ ಕೈ ಏನು ಮಾಡಿತು ನೋಡಿ. 1973ರಲ್ಲಿ ಹೆರಾಲ್ಡ್ ಮೆಲ್ವಿನ್ ಅಂಡ್ ದ ಬ್ಲೂ ನೋಟ್ಸ್ ತಂಡದ ‘ದ ಲವ್ ಐ ಲಾಸ್ಟ್’ ಹಾಡಿಗೆ ಯಂಗ್ ಬಾರಿಸಿದ ಲಯವನ್ನೇ ಡಿಸ್ಕೊ ಲಯದ ಶುರು ಅಂತ ಬಹಳ ಜನ ಗುರುತಿಸ್ತಾರೆ. ಡೆಟ್ರಾಯ್ಟಿನ ಮೋಟೌನ್ ಕಂಪನಿಯ ಹಾಡುಗಳಲ್ಲಿ ನಾಲ್ಕೂ ಏಟು ಸ್ನೇರ್, ಅಂದರೆ ಕಡ್ಡಿಯಿಂದ ಬಾರಿಸುವ ಚಪ್ಪಟೆ ಡ್ರಮ್ಮಿನ ಮೇಲೆ ಬೀಳೋದು ಸಾಮಾನ್ಯ. ಯಂಗ್ ಆ ನಾಲ್ಕನ್ನು ಕಾಲಿಗೆ, ಅಂದರೆ ಬೇಸ್ ಡ್ರಮ್ಮಿಗೆ ಇಳಿಸಿದರು. ಕೈ ಬಿಡುವಾಯಿತು. ಬಿಡುವಾದ ಕೈ ಹೈ-ಹ್ಯಾಟ್‌ಗೆ, ಅಂದರೆ ಕಾಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್‌ಗೆ ಹೋಯಿತು. ಎರಡು ಏಟಿನ ನಡುವಿನ ಜಾಗದಲ್ಲಿ ಹೈ-ಹ್ಯಾಟ್ ಬಾಯಿ ತೆರೆದು ‘ತ್ಸೀ’ ಅನ್ನುತ್ತೆ, ಮುಂದಿನ ಏಟಿಗೆ ಸರಿಯಾಗಿ ಮುಚ್ಚುತ್ತೆ. ಟ್ರ್ಯಾಂಪ್ಸ್ ಕೇಳುವಾಗ ಕಿವಿ ಇಡಬೇಕಾದದ್ದು ಈ ‘ತ್ಸೀ’ ಮೇಲೆ. ಅದು ಸ್ಪಷ್ಟವಾಗಿ ಕೇಳದ ರೆಕಾರ್ಡಿನಲ್ಲಿ ಈ ತಂಡದ ಅರ್ಧ ಭಾಗ ಇಲ್ಲವೇ ಇಲ್ಲ.

ಮಂದ್ರ

ಲಯವಂತ ಸರ್ ಹೇಳಿದ್ದು ಸರಿಯೇ, ಆದರೆ ಡ್ರಮ್ಮಿನಿಂದಲೇ ಶುರು ಮಾಡಿದರೆ ಹಾಡುಗಾರಿಕೆ ಹಿಂದೆ ಬಿದ್ದುಬಿಡುತ್ತೆ. ಯಾರಿಗೇ ಆಗಲಿ ನಾನು ಮೊದಲು ಕೇಳಿಸೋದು 1972ರ ‘ಝಿಂಗ್! ವೆಂಟ್ ದ ಸ್ಟ್ರಿಂಗ್ಸ್ ಆಫ್ ಮೈ ಹಾರ್ಟ್’. ಬುಡ್ಡಾ ಕಂಪನಿಗೆ ಮಾಡಿದ್ದು. ಹಾಡು 1930ರ ದಶಕದ್ದು, ಜೂಡಿ ಗಾರ್ಲಂಡ್ ಹಾಡಿ ಜನಪ್ರಿಯವಾದದ್ದು. 1958ರಲ್ಲಿ ಕೋಸ್ಟರ್ಸ್ ತಂಡ ಇದನ್ನು ‘ಯಾಕೆಟಿ ಯಾಕ್’ ಸಿಂಗಲ್ಲಿನ (ಬದಿಗೊಂದು ಹಾಡಿನ ಚಿಕ್ಕ ರೆಕಾರ್ಡು) ಹಿಂಬದಿಗೆ ಹಾಡಿತ್ತು. ಅದರಲ್ಲಿದ್ದ ಮಂದ್ರ ಸ್ವರದ ತಮಾಷೆಯ ತುಣುಕುಗಳನ್ನು ಟ್ರ್ಯಾಂಪ್ಸ್ ಎತ್ತಿಕೊಂಡರು. ಆ ಮಂದ್ರ ಸ್ವರ ಯಾರದ್ದು ಗೊತ್ತೇ? ಡ್ರಮ್ ಬಾರಿಸುವ ಅರ್ಲ್ ಯಂಗ್‌ದೇ!

ಅಂದರೆ ಬೀದಿಮೂಲೆಯಲ್ಲಿ ನಿಂತು ವಾದ್ಯವಿಲ್ಲದೆ ಹಾಡುವ 1950ರ ದಶಕದ ಡೂ-ವಾಪ್ ಪದ್ಧತಿ ಇವರ ಬೆನ್ನಿಗಿತ್ತು. ಒಬ್ಬ ಮುಂದೆ, ಮೂವರು ಸೇರಿ ಸ್ವರಮೇಳ, ಒಬ್ಬ ತಳದಲ್ಲಿ. ಡಿಸ್ಕೊ ಬಂದಾಗ ಇವರು ಆ ಪದ್ಧತಿ ಬಿಡಲಿಲ್ಲ, ಅದರ ಕೆಳಗೆ ಹೊಸ ಲಯ ಇಟ್ಟರು. ಆ ಕಾಲದ ಎಷ್ಟೋ ಡಿಸ್ಕೊ ಹಾಡುಗಳಲ್ಲಿ ಕಂಠ ಅಲಂಕಾರಕ್ಕೆ ಇರುತ್ತೆ. ಇಲ್ಲಿ ಜಿಮ್ಮಿ ಎಲ್ಲಿಸ್ ಚರ್ಚಿನಲ್ಲಿ ಪ್ರಾರ್ಥನೆ ನಡೆಸುವವರ ಹಾಗೆ ಹಾಡನ್ನೇ ಎಳೆದುಕೊಂಡು ಹೋಗ್ತಾರೆ. ಗಾಸ್ಪೆಲ್‌ನಲ್ಲಿ ಪಳಗಿದ ಕಂಠ ಅದು. ಮೇಲಿನ ಸ್ವರದಲ್ಲಿ ಸ್ವಲ್ಪ ಗರಗರ ಬಂದಾಗಲೂ ಶ್ರುತಿ ಅಲುಗಾಡಲ್ಲ.

ಕೇಳುವ ಕ್ರಮ ಕೇಳಿದ್ರಲ್ಲ, ನನ್ನದು ಇದು: ಮೊದಲು ‘ಝಿಂಗ್’, ಆಮೇಲೆ ‘ಲವ್ ಎಪಿಡೆಮಿಕ್’, ‘ವೇರ್ ಡು ವಿ ಗೋ ಫ್ರಮ್ ಹಿಯರ್’, ‘ಹೋಲ್ಡ್ ಬ್ಯಾಕ್ ದ ನೈಟ್’, ‘ದಟ್ಸ್ ವೇರ್ ದ ಹ್ಯಾಪಿ ಪೀಪಲ್ ಗೋ’. ‘ಡಿಸ್ಕೊ ಇನ್‌ಫರ್ನೊ’ದ ಉದ್ದನೆಯ ರೂಪ ಇಷ್ಟಾದ ಮೇಲೆ. ನಂತರ 1977ರ ‘ದ ನೈಟ್ ದ ಲೈಟ್ಸ್ ವೆಂಟ್ ಔಟ್’ ಕೇಳಿ. ಆ ವರ್ಷ ಜುಲೈನಲ್ಲಿ ನ್ಯೂಯಾರ್ಕ್ ಇಡೀ ಕತ್ತಲಲ್ಲಿ ಮುಳುಗಿತ್ತಲ್ಲ, ಅದರ ಮೇಲಿನ ಹಾಡು.

ಲೇಬಲ್_ಓದುವವ

ಕ್ರಮ ಚೆನ್ನಾಗಿದೆ ಮಂದ್ರ ಅವರೇ. ಆದರೆ ರೆಕಾರ್ಡು ಹುಡುಕುವವರಿಗೆ ಒಂದು ಎಚ್ಚರಿಕೆ ಬೇಕು. ಬಿಡುಗಡೆಯ ಕ್ರಮ ಬೇರೆ, ಧ್ವನಿಮುದ್ರಣದ ಕ್ರಮ ಬೇರೆ.

ಈ ತಂಡದ ಕೆಲಸ ಮೂರು ಕಡೆ ಹಂಚಿಹೋಗಿದೆ. ಮೊದಲು ಬುಡ್ಡಾ. ಆಮೇಲೆ ಗೋಲ್ಡನ್ ಫ್ಲೀಸ್ – ಬೇಕರ್-ಹ್ಯಾರಿಸ್-ಯಂಗ್ ಮೂವರದೇ ಲೇಬಲ್, ಫಿಲಡೆಲ್ಫಿಯಾ ಇಂಟರ್‌ನ್ಯಾಷನಲ್ ಜೊತೆಗೆ ದೊಡ್ಡ ಕಂಪನಿ ಸಿಬಿಎಸ್ ಮೂಲಕ ಮಾರುಕಟ್ಟೆಗೆ ಬರುತ್ತಿತ್ತು. ಮೂರನೆಯದು ಅಟ್ಲಾಂಟಿಕ್, ಅಲ್ಲಿನ ಎಲ್‌ಪಿಗಳು 1976ರಿಂದ. 1975ರಲ್ಲಿ ಗೋಲ್ಡನ್ ಫ್ಲೀಸ್‌ನಿಂದ ತಂಡದ ಹೊಸ ಆಲ್ಬಮ್ ಬಂತು. ಅದೇ ವರ್ಷ ಬುಡ್ಡಾ ತನ್ನ ಬಳಿ ಇದ್ದ ಹಳೆಯ ಹಾಡುಗಳನ್ನೆಲ್ಲ ಕೂಡಿಸಿ ‘ಝಿಂಗ್’ ಹೆಸರಿನ ಇನ್ನೊಂದು ಆಲ್ಬಮ್ ಹೊರಗೆ ಬಿಟ್ಟಿತು. ಹೀಗಾಗಿ ‘ಹೋಲ್ಡ್ ಬ್ಯಾಕ್ ದ ನೈಟ್’ 1975ರ ಹಿಟ್ ಆದರೂ ಅದರ ಹುಟ್ಟು ಬುಡ್ಡಾ ಕಾಲದ್ದು. 1972ರ ‘ಸಿಕ್ಸ್ಟಿ ಮಿನಿಟ್ ಮ್ಯಾನ್’ ಸಿಂಗಲ್ಲಿನ ಹಿಂಬದಿಯಲ್ಲಿ ‘ಸ್ಕ್ರಬ್ ಬೋರ್ಡ್’ ಅನ್ನುವ ಬರೀ ವಾದ್ಯದ ತುಣುಕು ಇದೆಯಲ್ಲ, ಅದಕ್ಕೇ ಸಾಹಿತ್ಯ ಕೂಡಿಸಿ ಮಾಡಿದ್ದು ಈ ಹಾಡು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಮಾತು ಬರುವ ಮೊದಲೇ ಹಾಡಿನ ನಡಿಗೆ ಪೂರ್ತಿ ತಯಾರಾಗಿತ್ತು ಅನ್ನೋದು ಗೊತ್ತಾಗುತ್ತೆ.

ಬ್ರಿಟನ್ನಿನಲ್ಲಿ ಅದು 5ನೇ ಸ್ಥಾನಕ್ಕೆ ಹೋಯಿತು, ಅಮೆರಿಕದಲ್ಲಿ 35. 1977ರಲ್ಲಿ ಬ್ರಿಟಿಷ್ ರಾಕ್ ಗಾಯಕ ಗ್ರಹಾಂ ಪಾರ್ಕರ್ ಮತ್ತೆ ಹಾಡಿದರು.

ಕೊಳ್ಳುವವರಿಗೆ ಅಟ್ಲಾಂಟಿಕ್ ಎಲ್‌ಪಿಗಳ ಸಂಖ್ಯೆ: ‘ವೇರ್ ದ ಹ್ಯಾಪಿ ಪೀಪಲ್ ಗೋ’ ಎಸ್‌ಡಿ 18172, ‘ಡಿಸ್ಕೊ ಇನ್‌ಫರ್ನೊ’ ಎಸ್‌ಡಿ 18211. ಇವು ಅಮೆರಿಕದ ಮುದ್ರಣದ್ದು. ಬೇರೆ ದೇಶದ ಮುದ್ರಣಕ್ಕೆ ಬೇರೆ ಸಂಖ್ಯೆ ಇರಬಹುದು, ಸಂಖ್ಯೆ ಹೊಂದಲಿಲ್ಲ ಅಂತ ನಕಲಿ ಅಂದುಕೊಳ್ಳಬೇಡಿ.

ಸೂಜಿಮೊನೆ

ಮೂರನೇ ಪ್ರಶ್ನೆ ನನ್ನ ಕ್ಷೇತ್ರ.

ಫೀವರ್ ಡಬಲ್ ಎಲ್‌ಪಿಯ ನಾಲ್ಕನೇ ಬದಿಯಲ್ಲಿ ಎರಡೇ ಹಾಡು. ಮೊದಲು ಎಂಎಫ್‌ಎಸ್‌ಬಿಯ ‘ಕೆ-ಜೀ’, ಸುಮಾರು 4 ನಿಮಿಷ. ಆಮೇಲೆ ಟ್ರ್ಯಾಂಪ್ಸ್, ಹತ್ತಿರ ಹತ್ತಿರ 11 ನಿಮಿಷ. ಅಂದರೆ ನಮ್ಮ ಹಾಡು ತಟ್ಟೆಯ ಒಳಭಾಗದಲ್ಲಿ ಕೂತಿದೆ. ತಂಡದ ಸ್ವಂತ ಎಲ್‌ಪಿಯಲ್ಲಿ ಅದೇ ಹಾಡು ಎರಡನೇ ಬದಿಯ ಮೊದಲನೆಯದು, ಹೊರ ಅಂಚಿನಲ್ಲಿದೆ. ಮಿಕ್ಸ್ (ಧ್ವನಿಗಳ ಬೆರಕೆ) ಒಂದೇ, ಕೂತ ಜಾಗ ಬೇರೆ.

ಲೆಕ್ಕ ಹಾಕೋಣ. 12 ಇಂಚಿನ ತಟ್ಟೆ ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ತಿರುಗುವಾಗ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೀರು ಹಾದುಹೋಗುತ್ತೆ. ಅತಿ ಒಳಗಿನ ತುದಿಯಲ್ಲಿ 21 ಸೆಂ.ಮೀ. ಮಾತ್ರ. ಹೈ-ಹ್ಯಾಟ್ ಸದ್ದಿನಲ್ಲಿ 10,000 ಹರ್ಟ್ಸ್ ಧಾರಾಳವಾಗಿ ಇರುತ್ತೆ. ಆ ಒಂದು ಅಲೆಗೆ ಹೊರಗೆ 51 ಮೈಕ್ರಾನ್ ಜಾಗ ಸಿಕ್ಕರೆ ಒಳಗೆ 21 ಮೈಕ್ರಾನ್. ಸಾಧಾರಣ ದುಂಡು ಮೊನೆಯ ಸೂಜಿಯ ತ್ರಿಜ್ಯವೇ 15ರಿಂದ 18 ಮೈಕ್ರಾನ್. ಅಷ್ಟು ದಪ್ಪ ಮೊನೆ ಅಷ್ಟು ಕಿರಿದಾದ ಅಲೆಯೊಳಗೆ ಇಳಿಯುವುದಿಲ್ಲ, ಮೇಲಿಂದ ಮೇಲೆ ಹಾರುತ್ತೆ. ನೀವು ಹೇಳಿದ ‘ಸ್ಸ್’ ಅದೇ. ಆ ಬದಿ ಒಟ್ಟು 15 ನಿಮಿಷದ್ದಾದ್ದರಿಂದ ಗೀರು ಪೂರ್ತಿ ಒಳತುದಿಯವರೆಗೆ ಹೋಗಬೇಕಿಲ್ಲ, ಆದರೂ ತೊಂದರೆಯ ದಿಕ್ಕು ಇದೇ.

ಪರೀಕ್ಷೆ ಸುಲಭ. ಬೇರೊಂದು ಒಳ್ಳೆಯ ಎಲ್‌ಪಿಯ ಕೊನೆಯ ಹಾಡು ಹಾಕಿ. ಅಲ್ಲೂ ‘ಸ್ಸ್’ ಬಂದರೆ ದೋಷ ಸೂಜಿಯದ್ದು ಅಥವಾ ಜೋಡಣೆಯದ್ದು. ಅದು ಚೆನ್ನಾಗಿ ಕೇಳಿ ಇದೊಂದೇ ಒಡೆದರೆ, ಹಿಂದೆ ಯಾರೋ ಸವೆದ ಸೂಜಿ ಹಾಕಿ ಗೀರಿನ ಗೋಡೆ ಕೆರೆದಿದ್ದಾರೆ. ಅದಕ್ಕೆ ಮದ್ದಿಲ್ಲ, ಬೇರೆ ಪ್ರತಿಯೇ ಬೇಕು.

ಜೋಡಣೆ ನೋಡುವ ಕ್ರಮ: ಮೊದಲು ಕಾರ್ಟ್ರಿಜ್ (ಸೂಜಿ ಕೂತಿರುವ ತಲೆ) ತಯಾರಕರು ಹೇಳಿದ ಒತ್ತಡಕ್ಕೆ ತೂಕ ಇಡಿ. 1.8ರಿಂದ 2.2 ಗ್ರಾಂ ಅಂತ ಬರೆದಿದ್ದರೆ 2.0ರಿಂದ ಶುರು ಮಾಡಿ. ರೆಕಾರ್ಡು ಸವೆಯುತ್ತೆ ಅಂತ ಹೆದರಿ 1.5ಕ್ಕೆ ಇಳಿಸುವವರಿದ್ದಾರೆ, ಅದೇ ಹೆಚ್ಚು ಹಾನಿ. ಹಗುರಾದ ಸೂಜಿ ಗೀರಿನೊಳಗೆ ಕೂರದೆ ಗೋಡೆಗೆ ಬಡಿಯುತ್ತೆ. ಆಮೇಲೆ ಕಾರ್ಟ್ರಿಜ್ಜಿನ ಕೋನ. ಅಳತೆ ಹಾಳೆಯ ಮೇಲೆ ತಟ್ಟೆಯ ನಡುವಿನಿಂದ 66 ಮಿ.ಮೀ. ಮತ್ತು 120.9 ಮಿ.ಮೀ. – ಈ ಎರಡು ಜಾಗದಲ್ಲಿ ಕಾರ್ಟ್ರಿಜ್ ಗೀರಿಗೆ ನೇರವಾಗಿರಬೇಕು. ಒಂದು ಕಡೆ ಸರಿ ಇದ್ದು ಇನ್ನೊಂದು ಕಡೆ ವಾರೆಯಾದರೆ ತೋಳಿನ ತುದಿಯ ಹೆಡ್‌ಶೆಲ್ಲಿನಲ್ಲಿ ಕಾರ್ಟ್ರಿಜ್ಜನ್ನು ಅರ್ಧರ್ಧ ಮಿಲಿಮೀಟರ್ ಹಿಂದೆ ಮುಂದೆ ಸರಿಸಿ ಮತ್ತೆ ನೋಡಿ. ತೂಕ ಕೊನೆಗೆ ಇನ್ನೊಮ್ಮೆ ಅಳೆಯಬೇಕು, ಸರಿಸಿದಾಗ ಅದೂ ಬದಲಾಗಿರುತ್ತೆ. ಇಷ್ಟಾದ ಮೇಲೂ ಸಾಲದಿದ್ದರೆ ದುಂಡು ಮೊನೆ ಬಿಟ್ಟು ಎಲಿಪ್ಟಿಕಲ್ (ಪಕ್ಕಗಳು ತೆಳುವಾದ ಅಂಡಾಕಾರದ ಮೊನೆಯ) ಸೂಜಿಗೆ ಹೋಗಿ.

ಎರಡನೇ_ಬದಿ

ಸೂಜಿಮೊನೆ ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಹಾಗಾದರೆ 7 ಇಂಚಿನ 45ರ ಸಿಂಗಲ್ ಕೊಂಡರೆ ಒಳ್ಳೆಯದಲ್ವಾ? ವೇಗ ಜಾಸ್ತಿ ಇರುತ್ತಲ್ಲ.

ಸೂಜಿಮೊನೆ

ಇಲ್ಲ. ತಿರುಗುವ ವೇಗ ಜಾಸ್ತಿ, ಆದರೆ ತಟ್ಟೆ ಚಿಕ್ಕದು. 7 ಇಂಚಿನ ಹೊರ ಅಂಚಿನಲ್ಲೇ ಸೆಕೆಂಡಿಗೆ 40 ಸೆಂ.ಮೀ., ಒಳಗೆ 25ರ ಆಸುಪಾಸು. ಎಲ್‌ಪಿಯ ಹೊರ ಅಂಚು ಇದಕ್ಕಿಂತ ಮೇಲು. 12 ಇಂಚಿನ ತಟ್ಟೆಯನ್ನು 45ರಲ್ಲಿ ಕೊರೆದರೆ ಹೊರ ಅಂಚಿನಲ್ಲಿ 69 ಸೆಂ.ಮೀ. ಸಿಗುತ್ತೆ. ಡಿಸ್ಕೊ ಕಾಲದಲ್ಲಿ 12 ಇಂಚಿನ ಸಿಂಗಲ್ ಬೆಳೆದದ್ದಕ್ಕೆ ಜಾಗವೇ ಕಾರಣ. ಬೇಸ್ ಜೋರಾದಷ್ಟೂ ಗೀರು ಅಕ್ಕಪಕ್ಕ ಹೆಚ್ಚು ಅಗಲ ಕೇಳುತ್ತೆ. ಚಿಕ್ಕ ತಟ್ಟೆಯಲ್ಲಿ ಉದ್ದದ ಹಾಡು ತುರುಕಬೇಕು ಅಂದರೆ ಗೀರು ಒತ್ತೊತ್ತಾಗಿ ಬರಬೇಕು, ಅದಕ್ಕೆ ಸದ್ದು ತಗ್ಗಿಸಬೇಕು, ಬೇಸ್ ಕತ್ತರಿಸಬೇಕು.

ಅದೂ ಅಲ್ಲದೆ 7 ಇಂಚಿನಲ್ಲಿರೋದು ಮೂರೂವರೆ ನಿಮಿಷದ ತುಂಡು.

ಲಯವಂತ

ಆ ತುಂಡಿನ ಬಗ್ಗೆ ಹೇಳಲೇಬೇಕು. ‘ಡಿಸ್ಕೊ ಇನ್‌ಫರ್ನೊ’ ಬರೆದವರು ಲಿರಾಯ್ ಗ್ರೀನ್ ಮತ್ತು ಕೀಬೋರ್ಡಿನ ರಾನ್ ಕರ್ಸಿ. ಎತ್ತರದ ಕಟ್ಟಡಕ್ಕೆ ಬೆಂಕಿ ಬೀಳುವ ಕತೆಯ 1974ರ ‘ದ ಟವರಿಂಗ್ ಇನ್‌ಫರ್ನೊ’ ಸಿನಿಮಾದಿಂದ ಎಳೆ ಸಿಕ್ಕಿದ್ದು. ಮುದ್ರಣ ಫಿಲಡೆಲ್ಫಿಯಾದ ಸಿಗ್ಮಾ ಸೌಂಡ್‌ನಲ್ಲಿ, ಜೋ ಟಾರ್ಸಿಯಾ 1968ರಲ್ಲಿ ತೆರೆದ ಸ್ಟುಡಿಯೊ. ಮಿಕ್ಸ್ ಮಾಡಿದ್ದು ಟಾಮ್ ಮೌಲ್ಟನ್.

ಮೌಲ್ಟನ್ ಕೆಲಸವನ್ನು ಉದ್ದನೆಯ ರೂಪದಲ್ಲೇ ಕೇಳಬೇಕು. ಹಾಡಿನ ನಡುವೆ ಕಂಠಗಳು ಸರಿದು ಹೋಗ್ತವೆ, ತಂತಿವಾದ್ಯ, ಹಿತ್ತಾಳೆ ವಾದ್ಯಗಳು ನಿಲ್ತವೆ. ಡ್ರಮ್, ಬೇಸ್, ತಾಳವಾದ್ಯ ಉಳೀತವೆ. ಮತ್ತೆ ಒಂದೊಂದೇ ಪದರ ವಾಪಸ್. ಡ್ರಮ್ ಒಂದು ಏಟೂ ತಪ್ಪದೆ ನಡೀತಾನೇ ಇರುತ್ತೆ, ಕುಣಿಯುವವರು ನಿಲ್ಲಬೇಕಾಗಿಲ್ಲ. ಕಂಠ ಮರಳಿ ಬಂದಾಗ ಸಿಗುವ ಬಿಡುಗಡೆ ಇದೆಯಲ್ಲ, ಅದಕ್ಕೆ ಮುಂಚಿನ ಆ ನಿಮಿಷಗಳ ಕಾಯುವಿಕೆಯೇ ಬೆಲೆ. ರೇಡಿಯೊ ತುಂಡಿನಲ್ಲಿ ಕಾಯುವಿಕೆ ಕತ್ತರಿಸಿದ್ದಾರೆ, ಹಾಗಾಗಿ ಬಿಡುಗಡೆಯೂ ಇಲ್ಲ.

ಪಟ್ಟಿಯ ಅಂಕಿಗಳನ್ನು ನಾನು ಇದೇ ರೀತಿ ಓದ್ತೀನಿ. ಆಲ್ಬಮ್ 1976ರ ಡಿಸೆಂಬರ್ ಕೊನೆಗೆ ಬಂತು. 1977ರ ಆರಂಭದಲ್ಲಿ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡಿನ ಡಿಸ್ಕೊ ಪಟ್ಟಿಯಲ್ಲಿ ‘ಸ್ಟಾರ್ವಿನ್’, ‘ಬಾಡಿ ಕಾಂಟ್ಯಾಕ್ಟ್ ಕಾಂಟ್ರ್ಯಾಕ್ಟ್’ ಜೊತೆ ಸೇರಿ ಆರು ವಾರ ಮೊದಲ ಸ್ಥಾನ. ಅದೇ ಹೊತ್ತಿಗೆ ಮುಖ್ಯ ಪಟ್ಟಿಯಲ್ಲಿ 53ಕ್ಕೇ ನಿಂತುಹೋಯಿತು. ಕ್ಲಬ್ಬಿನವರು ಕೇಳಿದ್ದು ಉದ್ದನೆಯದು, ರೇಡಿಯೊದವರು ಕೇಳಿದ್ದು ತುಂಡು. 1977ರ ನವೆಂಬರಿನಲ್ಲಿ ಫೀವರ್ ಎಲ್‌ಪಿ ಬಂತು, ಉದ್ದನೆಯ ರೂಪ ಮನೆ ಮನೆಗೆ ಹೋಯಿತು. 1978ರ ಮೇ ತಿಂಗಳಲ್ಲಿ ಅದೇ ಹಾಡು 11ನೇ ಸ್ಥಾನ! ಫೀವರ್ ಎಲ್‌ಪಿಗೆ 1979ರಲ್ಲಿ ವರ್ಷದ ಆಲ್ಬಮ್ ಗ್ರ್ಯಾಮಿ ಬಂದಾಗ ಟ್ರ್ಯಾಂಪ್ಸ್ ಕೂಡ ಅದರ ಪಾಲುದಾರರು.

ಶಾರದಾ_ಎಸ್

ಒಂದು ಮಾತು ಸೇರಿಸ್ತೀನಿ. ಪಲ್ಲವಿಯ ‘ಬರ್ನ್ ಬೇಬಿ ಬರ್ನ್’ ಅನ್ನೋದು ಡಿಸ್ಕೊಗೆ ಹುಟ್ಟಿದ ಮಾತಲ್ಲ. ‘ಮ್ಯಾಗ್ನಿಫಿಸೆಂಟ್’ ಮಾಂಟೇಗ್ ಅನ್ನುವ ರೇಡಿಯೊ ನಿರೂಪಕರು ಸೋಲ್ ಹಾಡು ಹಾಕುವಾಗ ಖುಷಿಯಿಂದ ಕೂಗುತ್ತಿದ್ದ ಮಾತು. 1965ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆಯಲ್ಲಿ ಗಲಭೆ ಎದ್ದಾಗ ಬೀದಿಯಲ್ಲಿ ಅದೇ ಕೂಗು ಕೇಳಿತು, ಅರ್ಥವೇ ಬದಲಾಯಿತು. ಹನ್ನೊಂದು ವರ್ಷದ ನಂತರ ಕಪ್ಪು ಗಾಯಕರ ತಂಡವೊಂದು ಅದನ್ನು ಮತ್ತೆ ಕುಣಿತದ ಅಂಗಳಕ್ಕೆ ತಂದಿದೆ. ಬರೀ ಗಮ್ಮತ್ತಿನ ಹಾಡು ಅಂತ ತಳ್ಳಿಹಾಕುವವರು ಇದನ್ನು ಗಮನಿಸಬೇಕು.

ಬೀಟ್_ಜೋಡಣೆ

ಈ ಹಾಡನ್ನು ಸಾಫ್ಟ್‌ವೇರಿನಲ್ಲಿ ಇನ್ನೊಂದರ ಜೊತೆ ಬೆರೆಸುವವರು ಗಮನಿಸಿ: ಸಾಫ್ಟ್‌ವೇರು ಏಟುಗಳಿಗೆ ತಾನಾಗಿ ಹಾಕುವ ಗೆರೆಗಳ ಗ್ರಿಡ್ ನಂಬಬೇಡಿ. ಯಂಗ್ ಬಾರಿಸಿದ್ದು ಕೈಯಲ್ಲಿ, ಯಂತ್ರದಲ್ಲಿ ಅಲ್ಲ. ವೇಗ ನಿಮಿಷಕ್ಕೆ 130ರ ಆಸುಪಾಸು, ಆದರೆ ಪದರ ತುಂಬಿದ ಕಡೆ ಒಂದಿಷ್ಟು ಮುಂದೆ, ಖಾಲಿಯಾದ ಕಡೆ ಒಂದಿಷ್ಟು ಹಿಂದೆ.

ಅರ್ಧ ಬಿಪಿಎಂ (ನಿಮಿಷಕ್ಕೆ ಬೀಳುವ ಏಟು) ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ನಾಲ್ಕು ಏಟಿನ ಒಂದು ಸುತ್ತಿಗೆ ಒಂದು ಬಾರ್, 16 ಬಾರ್ ಅಂದರೆ 64 ಏಟು. 130ರಲ್ಲಿ ಅದಕ್ಕೆ 29.54 ಸೆಕೆಂಡು, 130.5ರಲ್ಲಿ 29.43. ಅಂತರ ಸೆಕೆಂಡಿನ ಹತ್ತನೇ ಒಂದು ಭಾಗ, ಅಂದರೆ ಹತ್ತಿರ ಹತ್ತಿರ ಕಾಲು ಏಟು. ಕೇಳುವವರಿಗೆ ಕುದುರೆ ಓಡಿದ ಹಾಗೆ ‘ಟಕಟಕ್’ ಅನ್ನುತ್ತೆ.

ಮೊದಲು ಬೇಸ್ ಡ್ರಮ್ಮಿನ ಮೊದಲ ಸ್ಪಷ್ಟ ಏಟಿಗೆ ಗುರುತು ಹಾಕಿ. 8 ಬಾರ್ ಮುಂದೆ ಹೋಗಿ, ಅಲೆಯ ಚಿತ್ರ ಹಿಗ್ಗಿಸಿ, ಏಟಿನ ತಲೆಗೆ ಗ್ರಿಡ್ ಗೆರೆ ಎಳೆಯಿರಿ. ಹಾಡು ಪೂರ್ತಿ ಹೀಗೇ, 8 ಬಾರಿಗೊಮ್ಮೆ. ಗುರುತಿಗೆ ಹೈ-ಹ್ಯಾಟ್ ನೋಡಬೇಡಿ, ಅದು ಏಟಿನ ನಡುವೆ ಇರುತ್ತೆ. ಅದನ್ನೇ ಏಟು ಅಂದುಕೊಂಡು ಸಾಫ್ಟ್‌ವೇರು ಅರ್ಧ ಏಟು ಪಕ್ಕಕ್ಕೆ ಗ್ರಿಡ್ ಕೂರಿಸೋದು ತೀರಾ ಸಾಮಾನ್ಯ ತಪ್ಪು. ಇಷ್ಟಾದ ಮೇಲೆ ಟ್ರ್ಯಾಂಪ್ಸ್ ಹಾಡನ್ನು ಯಂತ್ರದ ವೇಗಕ್ಕೆ ಬಗ್ಗಿಸೋದು ಬಿಟ್ಟು, ಇನ್ನೊಂದು ಹಾಡನ್ನೇ ಇದರ ಹಿಂದೆ ನಡೆಸಿ. ಯಂಗ್ ಲಯವನ್ನು ಇಸ್ತ್ರಿ ಹಾಕಿ ನೇರ ಮಾಡಿದರೆ ಅದರ ಜೀವ ಹೋಗುತ್ತೆ.

ಹೊಸ_ಕಡ್ಡಿ

ಡ್ರಮ್ ಕಲಿಯುವವರಿಗೆ ಆ ಹೈ-ಹ್ಯಾಟ್ ಬಿಡಿಸಿ ಹೇಳ್ತೀರಾ ಲಯವಂತ ಸರ್? ಬಾರಿಸಿದರೆ ಎಲ್ಲಾ ಒಂದಾಗಿ ಗಿಜಿಗಿಜಿ ಅನ್ನುತ್ತೆ ಅನ್ನೋದು ಬಹಳ ಜನರ ದೂರು.

ಲಯವಂತ

ಒಂದು ಬಾರನ್ನು 16 ಮನೆ ಮಾಡಿಕೊಳ್ಳಿ. ಬಲಗಾಲು 1, 5, 9, 13ರಲ್ಲಿ. ಸ್ನೇರ್ 5 ಮತ್ತು 13ರಲ್ಲಿ. ಹೈ-ಹ್ಯಾಟ್ 3, 7, 11, 15ರಲ್ಲಿ ತೆರೆದು ಬಾರಿಸಿ. ಮುಚ್ಚುವ ಕೆಲಸ ಎಡಗಾಲಿನದ್ದು, ಅದು 1, 5, 9, 13ಕ್ಕೆ. ಅಂದರೆ ಎಡಗಾಲೂ ಬಲಗಾಲೂ ಒಟ್ಟಿಗೆ ನೆಲಕ್ಕೆ ಬೀಳಬೇಕು.

ಗಿಜಿಗಿಜಿಗೆ ಕಾರಣ ಮೂರಲ್ಲಿ ಒಂದಿರುತ್ತೆ. ಎಡಗಾಲು ತಡವಾಗಿ ಮುಚ್ಚೋದು ಮೊದಲನೆಯದು. ‘ತ್ಸೀ’ ಬಾಲ ಸ್ನೇರಿನ ಮೇಲೆ ಬಿದ್ದು ಎರಡೂ ಮಬ್ಬಾಗುತ್ತೆ. ಎರಡನೆಯದು, ಹೈ-ಹ್ಯಾಟನ್ನು ಅತಿ ಅಗಲ ತೆರೆಯೋದು. ಎರಡು ತಟ್ಟೆ ಒಂದಕ್ಕೊಂದು ಮೆಲ್ಲಗೆ ತಾಗುವಷ್ಟೇ ಬಿಡಿ, ಕೆಲವೇ ಮಿಲಿಮೀಟರ್ ಸಾಕು. ಬೆರಳು ದಪ್ಪ ತೆರೆದರೆ ಅದು ಕ್ರ್ಯಾಶ್ ಸಿಂಬಲ್ ಆಗುತ್ತೆ. ಮೂರನೆಯದು, ನಡುವಿನ ಮನೆಗಳನ್ನೂ ಅದೇ ಜೋರಿನಲ್ಲಿ ಬಾರಿಸೋದು. 16ನ್ನೂ ತುಂಬುವ ಆಸೆ ಇದ್ದರೆ ಉಳಿದವನ್ನು ಕಡ್ಡಿಯ ತುದಿಯಿಂದ ಮುಚ್ಚಿದ ಹೈ-ಹ್ಯಾಟ್ ಮೇಲೆ ಪಿಸುಗುಟ್ಟಿದ ಹಾಗೆ, ತೆರೆದ ನಾಲ್ಕನ್ನು ಮಾತ್ರ ಕಡ್ಡಿಯ ಭುಜದಿಂದ (ತುದಿಯ ಹಿಂದೆ ದಪ್ಪಗಾಗುವ ಭಾಗ) ಅಂಚಿಗೆ.

ನಿಮಿಷಕ್ಕೆ 90 ಏಟಿನ ವೇಗದಲ್ಲಿ ಶುರು ಮಾಡಿ. ಅಲ್ಲಿ ಕೈಕಾಲು ಬೇರೆ ಬೇರೆ ಕೇಳದೆ ಒಂದೇ ಯಂತ್ರದ ಹಾಗೆ ಆದಮೇಲೆ ಐದೈದು ಏರಿಸಿ. 120 ದಾಟಿದಾಗ ಎಡಗಾಲು ಸೋಲುತ್ತೆ. ಹಿಮ್ಮಡಿ ಎತ್ತಿ ಬಾರಿಸುವವರು ಅಲ್ಲಿ ಹಿಮ್ಮಡಿ ನೆಲಕ್ಕಿಟ್ಟು ಕಣಕಾಲಿನಿಂದ ಮಾತ್ರ ಆಡಿಸಿ ನೋಡಿ.

ಮಂದ್ರ

ಹಾಡುವ ಗುಂಪುಗಳಿಗೂ ನಾಲ್ಕು ಮಾತು. ಇವರ ಹಾಡು ಐದು ಜನ ಎತ್ತಿಕೊಂಡರೆ ಮುಂದೆ ಒಬ್ಬರು, ಸ್ವರಮೇಳಕ್ಕೆ ಮೂವರು, ಮಂದ್ರಕ್ಕೆ ಒಬ್ಬರು. ಪಲ್ಲವಿ ಗುಂಪಿನದ್ದು. ಮುಖ್ಯ ಗಾಯಕ ಪಲ್ಲವಿಯ ಸಾಲು ಮುಗಿಯುವವರೆಗೆ ಸುಮ್ಮನಿದ್ದು, ಉಳಿದ ಖಾಲಿ ಜಾಗದಲ್ಲಿ ಮಾತ್ರ ಬರಬೇಕು. ಎಲ್ಲಿಸ್ ಎಷ್ಟೇ ಉತ್ಸಾಹದಲ್ಲಿದ್ದರೂ ಗುಂಪಿನ ಮಾತಿನ ಮೇಲೆ ತಾವು ಹತ್ತುವುದಿಲ್ಲ, ಗಮನಿಸಿ. ಅನುಕರಿಸುವವರು ಎಡವೋದು ಇಲ್ಲೇ: ಇಬ್ಬರೂ ಒಟ್ಟಿಗೆ ಹಾಡಿ ಎರಡೂ ಸಾಲು ಕಳೆದುಹೋಗುತ್ತೆ.

ಸ್ವರಮೇಳದ ಮೂವರಿಗೆ ಒಂದೇ ಮೈಕು, ಒಂದು ಮಾರು ದೂರ ಬೇಡ, ಒಂದೂವರೆ ಅಡಿ ಸಾಕು. ಜೋರಿನ ಕಂಠದವರು ಅರ್ಧ ಹೆಜ್ಜೆ ಹಿಂದೆ. ಮಂದ್ರದವರು ಮೈಕಿಗೆ ತುಟಿ ಹಚ್ಚಬಾರದು. ಹತ್ತಿರ ಹೋದಷ್ಟೂ ಮೈಕು ತಳದ ಸದ್ದನ್ನು ಉಬ್ಬಿಸುತ್ತೆ, ಅದು ಬೇಸ್ ಗಿಟಾರಿಗೆ ಡಿಕ್ಕಿ ಹೊಡೆದು ಮಾತೇ ತಿಳಿಯಲ್ಲ. 100 ಹರ್ಟ್ಸ್‌ಗಿಂತ ಕೆಳಗೆ ಕತ್ತರಿಸಿ. ಮಂದ್ರ ಕಂಠದ ಗುರುತು ಇರೋದು ಅದರ ಮೇಲೆ. ಕೊನೆಯಲ್ಲಿ ಒಂದೇ ಸಾಲು ಹತ್ತಾರು ಸಲ ಬರುವಾಗ ಮೂವರೂ ಒಟ್ಟಿಗೆ ಉಸಿರು ತೆಗೆದರೆ ಹಾಡಿಗೆ ತೂತು ಬೀಳುತ್ತೆ. ಸಾಲಿಗೊಬ್ಬರಂತೆ ಸರದಿಯಲ್ಲಿ ಉಸಿರಾಡಿ.

ಬೀಟ್_ಜೋಡಣೆ

ಡಿಸ್ಕೊ ಅಂದರೆ ಫಿಲಡೆಲ್ಫಿಯಾ ಒಂದೇ ಅಂತ ಆಗಬಾರದು. ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಕೂತು ಡಿಸ್ಕೊ ಹಿಟ್ ತಯಾರಿಸಿದ ಬಿದ್ದು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. 1974ರ ‘ಕುಂಗ್ ಫು ಫೈಟಿಂಗ್’ ಅವರ ನಿರ್ಮಾಣ, ಬ್ರಿಟನ್ ಅಮೆರಿಕ ಎರಡರಲ್ಲೂ ಮೊದಲ ಸ್ಥಾನ. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನ. ಅದನ್ನು ‘ಹ್ಯಾಪಿ ಪೀಪಲ್’ ಪಕ್ಕದಲ್ಲಿ ಇಟ್ಟು ಕೇಳಿ, ಒಂದೇ ವರ್ಷದವು. ಲಂಡನ್ನಿನದ್ದು ಒಬ್ಬ ಗಾಯಕಿಯ ಸುತ್ತ ಕಟ್ಟಿದ ಚುರುಕಾದ ಪಾಪ್ ಹಾಡು. ಇವರದ್ದು ಗುಂಪಿನ ಕಂಠ, ನಿಧಾನವಾಗಿ ಹಬ್ಬುತ್ತೆ.

ಲೇಬಲ್_ಓದುವವ

ಕೊನೆಯ ಭಾಗ ಯಾರೂ ಮುಟ್ಟಿಲ್ಲ, ಚುಟುಕಾಗಿ ಹೇಳ್ತೀನಿ. 1975ರ ಹೊತ್ತಿಗೆ ಎಂಎಫ್‌ಎಸ್‌ಬಿಯ ಬಹಳಷ್ಟು ವಾದಕರು ಹಣದ ವಿಚಾರದಲ್ಲಿ ಗ್ಯಾಂಬಲ್-ಹಫ್ ಜೊತೆ ಮನಸ್ತಾಪವಾಗಿ ನ್ಯೂಯಾರ್ಕಿನ ಸಾಲ್‌ಸೋಲ್ ಕಂಪನಿಗೆ ಹೋದರು. ಬೇಕರ್, ಹ್ಯಾರಿಸ್, ಯಂಗ್ ಅಲ್ಲೂ ಇದ್ದರು. ಸಾಲ್‌ಸೋಲಿನ ಡಬಲ್ ಎಕ್ಸ್‌ಪೋಶರ್ ತಂಡದ ‘ಟೆನ್ ಪರ್ಸೆಂಟ್’ 1976ರಲ್ಲಿ ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ 12 ಇಂಚಿನ ಡಿಸ್ಕೊ ಸಿಂಗಲ್ ಎಂದು ಹೆಸರಾಗಿದೆ. ಅದರ ಡ್ರಮ್ ಕೇಳಿದರೆ ಟ್ರ್ಯಾಂಪ್ಸ್ ಅಣ್ಣತಮ್ಮಂದಿರು ಅಂತ ತಕ್ಷಣ ಗೊತ್ತಾಗುತ್ತೆ.

1979 ಜುಲೈ 12ರಂದು ಶಿಕಾಗೋದ ಕಾಮಿಸ್ಕಿ ಪಾರ್ಕ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ಸ್ಫೋಟಿಸಿದರು. ಅಮೆರಿಕದ ರೇಡಿಯೊ ಡಿಸ್ಕೊಗೆ ಬಾಗಿಲು ಮುಚ್ಚಿತು. ಟ್ರ್ಯಾಂಪ್ಸ್ 1980ರಲ್ಲೂ ಅಟ್ಲಾಂಟಿಕ್‌ಗೆ ಆಲ್ಬಮ್ ಮಾಡಿದರು, ಆದರೆ ಆ ಹೊತ್ತಿಗೆ ಕೇಳಿಸುವವರೇ ಇರಲಿಲ್ಲ. ಹಾಡುಗಳು ಕೆಟ್ಟದ್ದಾಗಿ ಸೋತದ್ದಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮುಂದೆ ಟ್ರ್ಯಾಂಪ್ಸ್ ಹೆಸರಲ್ಲಿ ಒಂದಕ್ಕಿಂತ ಹೆಚ್ಚು ತಂಡ ವೇದಿಕೆ ಹತ್ತಿದ್ದವು. ನಾರ್ಮನ್ ಹ್ಯಾರಿಸ್ 1987ರಲ್ಲಿ, ರಾನಿ ಬೇಕರ್ 1990ರಲ್ಲಿ ತೀರಿಕೊಂಡರು. ಜಿಮ್ಮಿ ಎಲ್ಲಿಸ್ 2012ರ ಮಾರ್ಚ್ 8ರಂದು, 74ನೇ ವಯಸ್ಸಿನಲ್ಲಿ.

ಒಂದೇ ಹೆಸರಲ್ಲಿ ಹಲವು ತಂಡ ಇದ್ದದ್ದರಿಂದ ಕೊಳ್ಳುವವರಿಗೆ ಒಂದು ತೊಡಕು. ಅಗ್ಗದ ಸಿಡಿ ಸಂಗ್ರಹಗಳಲ್ಲಿ, ಸ್ಟ್ರೀಮಿಂಗಿನಲ್ಲಿ ಇರುವ ಎಷ್ಟೋ ‘ಡಿಸ್ಕೊ ಇನ್‌ಫರ್ನೊ’ಗಳು ನಂತರ ಮತ್ತೆ ಹಾಡಿದವು. ಹಕ್ಕಿನ (ಕಾಪಿರೈಟ್) ಸಾಲಿನಲ್ಲಿ 1976 ಮತ್ತು ಅಟ್ಲಾಂಟಿಕ್ ಇರಬೇಕು. ಉದ್ದ 10 ನಿಮಿಷ 50 ಸೆಕೆಂಡಿನ ಸುತ್ತ ಇರಬೇಕು. ತಂತಿವಾದ್ಯ ಒಂದೇ ತೆಳು ಹಾಳೆಯ ಹಾಗೆ ಕೇಳಿದರೆ ಅದು ಕೀಬೋರ್ಡು. ಸಿಗ್ಮಾದಲ್ಲಿ ನಿಜವಾದ ಪಿಟೀಲುಗಳಿದ್ದವು. ಒಂದೊಂದು ಕಮಾನಿನ ಎಳೆತ ಒಂಚೂರು ಹೆಚ್ಚುಕಡಿಮೆ ಇರೋದು ಕೇಳುತ್ತೆ.

ಎರಡನೇ_ಬದಿ

ಎಸ್‌ಡಿ 18211 ಹಳೆಯ ಪ್ರತಿಗೇ ಕೈ ಹಾಕೋದು ಅಂತಾಯಿತು. ತೊಳೆಯುವ ಕ್ರಮವೊಂದು ಹೇಳಿಬಿಡಿ ಸೂಜಿಮೊನೆ ಸರ್.

ಸೂಜಿಮೊನೆ

ಒಂದು ಲೀಟರಿಗೆ 750 ಮಿ.ಲೀ. ಡಿಸ್ಟಿಲ್ಡ್ ನೀರು, 250 ಮಿ.ಲೀ. ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್, ಫೋಟೊ ಫಿಲ್ಮ್ ತೊಳೆಯಲು ಬಳಸುವ ವೆಟಿಂಗ್ ದ್ರಾವಣ ನಾಲ್ಕೈದು ಹನಿ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಸುಣ್ಣ ಗೀರಿನಲ್ಲಿ ಕೂರುತ್ತೆ. ಲೇಬಲ್ ಒದ್ದೆಯಾಗದಂತೆ ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ ಒತ್ತಿ ಹಿಡಿಯಿರಿ. ಮೆತ್ತನೆಯ ಬ್ರಷ್‌ನಿಂದ ಗೀರಿನ ದಿಕ್ಕಿನಲ್ಲೇ ಹತ್ತು ಸುತ್ತು, ಒತ್ತಬೇಡಿ. ಎರಡು ನಿಮಿಷ ನೆನೆಯಲಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ತೊಳೆದು, ಮೈಕ್ರೋಫೈಬರ್ ಬಟ್ಟೆಯಿಂದ ನೀರು ಹೀರಿಸಿ, ನೆಟ್ಟಗೆ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ಹಳೆಯ ಕಾಗದದ ಒಳಚೀಲ ಬಿಸಾಡಿ, ಹೊಸದು ಹಾಕಿ.

78ರ ಹಳೆಯ ಅರಗಿನ ತಟ್ಟೆಗೆ ಈ ದ್ರಾವಣ ಮುಟ್ಟಿಸಲೇಬೇಡಿ, ಆಲ್ಕೋಹಾಲ್ ಅರಗನ್ನು ಕರಗಿಸುತ್ತೆ.

ತೊಳೆದ ಮೇಲೆ ಮೊದಲ ಸಲ ಹಾಕಿದಾಗ ಗೀರಿನ ಆಳದ ಕೊಳೆ ಸೂಜಿಗೆ ಮೆತ್ತಿಕೊಳ್ಳುತ್ತೆ. ಬದಿ ಮುಗಿದ ಕೂಡಲೇ ಸೂಜಿಯನ್ನು ಹಿಂದಿನಿಂದ ಮುಂದಕ್ಕೆ ಒಣ ಬ್ರಷ್‌ನಲ್ಲಿ ಒರೆಸಿ, ಎರಡನೇ ಸಲ ಹಾಕಿ. ಹೈ-ಹ್ಯಾಟ್ ಹೇಗಿದೆ ಅನ್ನೋದನ್ನು ಆ ಎರಡನೇ ಸಲದಲ್ಲಿ ನೋಡಿ ಹೇಳಿ.